ಸೊಟ್ಟ ಚಾಕು ಹುಡುಕಿದ ವರ್ಷ

ನಗು ಬರುವಂಥ ಘಟನೆಗಳು ನಗುವ ದಿನಗಳನ್ನೇ ನೋಡಿಕೊಂಡು ಬರುವುದಿಲ್ಲ. ನನ್ನ ಪಾಲಿಗೆ ಅವು ಸಾಲುಗಟ್ಟಿ ಬಂದದ್ದು, ಮನೆಯಲ್ಲಿ ಯಾರಿಗೂ ನಗುವ ಮನಸ್ಸಿಲ್ಲದ ಒಂದು ವರ್ಷದಲ್ಲಿ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಮಸ್ಕಿಯಲ್ಲಿ ಕಾಲುವೆ ಆಫೀಸಿನ ಗುಮಾಸ್ತ. ಮನೆಯಲ್ಲಿದ್ದವರು ಇಬ್ಬರೇ, ನಾನು ಮತ್ತು ನನ್ನ ಅಕ್ಕ.

ಆ ಬೇಸಿಗೆ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಬಾಯಿ ಎಡಕ್ಕೆ ಸೊಟ್ಟಗಾಯಿತು. ಮಾತು ಮಾತ್ರ ಒಂದು ತಿಂಗಳಲ್ಲಿ ತಿರುಗಿ ಬಂತು, ಮೊದಲಿಗಿಂತ ಹರಿತವಾಗಿ.

ತೊಂದರೆಯಾದದ್ದು ಊಟದ್ದು. ಎಡಗೈಯಿಂದ ಉಣ್ಣಲು ಅವಳು ಒಪ್ಪಲಿಲ್ಲ. ಆ ಕೈ ಯಾವ ಕೆಲಸಕ್ಕೆ ಇರುವುದೆಂದು ನಮ್ಮ ಕಡೆ ಯಾರಿಗೂ ಹೇಳಬೇಕಾಗಿಲ್ಲ. ನಾನು ತುತ್ತು ಮಾಡಿ ಹಿಡಿದರೆ ಮುಖ ತಿರುಗಿಸುತ್ತಿದ್ದಳು. ಅವ್ವ ತೀರಿಕೊಂಡಾಗ ನನಗೆ ಐದು ವರ್ಷ, ಅವಳಿಗೆ ಹದಿನಾಲ್ಕು. ನನಗೆ ಉಣಿಸಿ ಬೆಳೆಸಿದವಳು ಅವಳೇ.

"ನಾ ನಿನಗ ಉಣಿಸೀನಿ. ನೀ ನನಗ ಉಣಿಸಬ್ಯಾಡ. ಹಂಗ ಉಲ್ಟಾ ನಡ್ಯಂಗಿಲ್ಲ," ಎಂದಳು.

ಎಡಗೈಗೆ ಸ್ಟೀಲ್ ಚಮಚ ಕೊಟ್ಟು ನೋಡಿದೆ. ಅದು ಹಲ್ಲಿಗೆ ಬಡಿಯುತ್ತಿತ್ತು, ಜಾರಿ ನೆಲದ ಮೇಲೆ ಬಿದ್ದು ಖಣಖಣ ಎನ್ನುತ್ತಿತ್ತು. ಮೂರನೆಯ ಸಲ ಬಿದ್ದಾಗ ಅದನ್ನು ಗೋಡೆಯ ಕಡೆ ನೂಕಿದಳು. "ನನ್ನ ಕೈಯಾಗಿಂದ ಬಿತ್ತಂತ ಓಣಿಗೆಲ್ಲಾ ಡಂಗುರ ಹೊಡದು ಹೇಳತೈತಿ ಇದು."

ಕುಡಿಯಲು ಎಡಗೈ ನಡೆಯುತ್ತದೆ ಎಂದು ಅವಳೇ ಒಂದು ಕಾಯ್ದೆ ಮಾಡಿಕೊಂಡಳು. ಎರಡು ತಿಂಗಳು ಬರೀ ಗಂಜಿ. ಕುಪ್ಪಸದ ತೋಳುಗಳು ಸಡಿಲಾದವು. ಹೀಗೇ ಆದರೆ ಬಹಳ ದಿನ ಇಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು.

ಒಂದು ದಿನ ನಾನು ಗಂಜಿ ತಿರುವುತ್ತಿದ್ದ ಕಟ್ಟಿಗೆಯ ಹುಟ್ಟನ್ನು ಬಹಳ ಹೊತ್ತು ನೋಡಿ ಅಂದಳು: "ಹುಟ್ಟನ್ನ ಎಷ್ಟೋ ಸಲ ಎಡಗೈಲೆ ತಿರುವೀನಿ. ಅದಕ್ಕ ಯಾರೂ ಏನೂ ಅಂದಿಲ್ಲ. ಅಂಥದ್ದೇ ಸಣ್ಣದೊಂದಿದ್ರ ನೋಡಬಹುದಿತ್ತು."

ಅದು ಅವಳು ಕೊಟ್ಟ ಅಪ್ಪಣೆ. ಅಂಗಡಿಗಳಲ್ಲಿ ಅಂಥದ್ದು ಇರಲಿಲ್ಲ. ಬಡಿಗೇರನು, ಬಾಗಿಲು ಮಾಡುತ್ತೇನೆ, ಬಂಡಿ ಮಾಡುತ್ತೇನೆ, ಚಮಚ ಮಾಡುವುದಿಲ್ಲ ಎಂದ. ನಾನೇ ಮಾಡಬೇಕೆಂದುಕೊಂಡೆ. ಅಲ್ಲಿಯತನಕ ನಾನು ಪೆನ್ಸಿಲ್ ಬಿಟ್ಟು ಬೇರೆ ಕಟ್ಟಿಗೆಯನ್ನು ಕೆತ್ತಿದವನಲ್ಲ.

ಬಜಿ ಕಟ್ಟಿದ ಕಾಗದ

ಏನೇ ಕಷ್ಟ ಬಂದರೂ ಮೊದಲು ಪುಸ್ತಕ ಹುಡುಕುವುದು ನನ್ನ ಚಾಳಿ. ಸಿಂಧನೂರಿನ ರದ್ದಿ ಅಂಗಡಿಯಲ್ಲಿ ಮರ ಕೆತ್ತುವ ಬಗ್ಗೆ ಒಂದು ಹಳೆಯ ಇಂಗ್ಲಿಷ್ ಪುಸ್ತಕ ಸಿಕ್ಕಿತು. ರಟ್ಟು ಇರಲಿಲ್ಲ. ಚಮಚದ ಹೊಟ್ಟೆಯನ್ನು ತೋಡಲು ನೆಟ್ಟಗಿನ ಚಾಕು ಬರುವುದಿಲ್ಲ, ಕರೆಯುವ ಬೆರಳಿನ ಹಾಗೆ ತುದಿ ಬಾಗಿದ ಚಾಕು ಬೇಕು, ಅದನ್ನು ಮುಂದಕ್ಕೆ ನೂಕಬಾರದು, ತನ್ನ ಕಡೆಗೆ ಎಳೆದುಕೊಳ್ಳಬೇಕು ಎಂದು ಅದರಲ್ಲಿ ಚಿತ್ರಸಹಿತ ಬರೆದಿತ್ತು. ಪುಟದ ಕೊನೆಯಲ್ಲಿ, ಇದನ್ನು ಅಪಾಯವಿಲ್ಲದೆ ಬಳಸುವ ಬಗೆಯನ್ನು ಈಗ ನೋಡೋಣ ಎಂದಿತ್ತು. ಮುಂದಿನ ಪುಟಗಳು ಇರಲಿಲ್ಲ.

"ಉಳಿದಿದ್ದು ಎಲ್ಲಿ?" ಎಂದು ರದ್ದಿಯವನನ್ನು ಕೇಳಿದೆ.

"ನಿಮ್ಮೂರಿಗೇ ಹೋಗೈತ್ರಿ. ಮಸ್ಕಿ ಬಸ್ ಸ್ಟ್ಯಾಂಡಿನ ಬಜಿ ಗಾಡ್ಯಾಕಿ ಒಂದು ಗಂಟು ಒಯ್ದಾಳ."

ಮರುದಿನದಿಂದ ಆಫೀಸು ಬಿಟ್ಟ ಮೇಲೆ ಬಜಿ ಗಾಡಿಯ ಮುಂದೆ ನಿಲ್ಲತೊಡಗಿದೆ. ಬರೀ ಕಾಗದ ಕೇಳಲು ಸಂಕೋಚ. ಒಂದು ಪ್ಲೇಟು ಮೆಣಸಿನಕಾಯಿ ಬಜಿ ಕಟ್ಟಿಸಿಕೊಂಡು, ಪಕ್ಕಕ್ಕೆ ಹೋಗಿ ಬಿಚ್ಚಿ, ಕಾಗದ ಓದುವುದು. ಮೊದಲ ದಿನ ಏಳನೆಯ ತರಗತಿಯ ಗಣಿತದ ಉತ್ತರಪತ್ರಿಕೆ. ಎರಡನೆಯ ದಿನ ಯಾರದೋ ಲಗ್ನಪತ್ರಿಕೆ. ಮೂರನೆಯ ದಿನ ಒಂದು ಪ್ರೇಮಪತ್ರದ ಎರಡನೆಯ ಪುಟ, ಅದನ್ನು ಪೂರ್ತಿ ಓದಿದೆ. ಹೊಟ್ಟೆ ಉರಿಯತೊಡಗಿದ್ದರಿಂದ ನಾಲ್ಕನೆಯ ದಿನದಿಂದ ಬಜಿಯನ್ನು ನಾಯಿಗೆ ಹಾಕುತ್ತಿದ್ದೆ.

ಎಂಟನೆಯ ದಿನ ಬಜಿಯಾಕೆ ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ಇಟ್ಟು ಕೇಳಿದಳು: "ಏನ್ರೀ ಯಪ್ಪಾ ನಿಮ್ಮದು? ಮಂದಿ ಬಜಿ ತಿಂದು ಕಾಗದ ಒಗೀತಾರ. ನೀವು ಕಾಗದ ಓದಿ ಬಜಿ ಒಗೀತೀರಿ."

ಹೇಳಿದೆ. ಅಕ್ಕನ ವಿಷಯವನ್ನೂ ಹೇಳಬೇಕಾಯಿತು. ಆಕೆಗೆ ಓದು ಬರುತ್ತಿರಲಿಲ್ಲ. ಆದರೂ ಇಂಗ್ಲಿಷ್ ಕಾಗದ ಬಂದರೆ ತೆಗೆದಿಡುತ್ತೇನೆ ಎಂದಳು. "ಅದು ಇಂಗ್ಲಿಷಂತ ನಿನಗ ಹೆಂಗ ತಿಳೀತೈತವ್ವಾ?" ಎಂದೆ.

"ಅದರಾಗ ಕಟ್ಟಿದ ಬಜಿ ಮಂದಿ ಕಾಗದ ನೋಡಲಾರದ ತಿಂತಾರ್ರಿ," ಎಂದಳು.

ಚಹಾ ಕುಡಿಸಿದ ಅಂಗಡಿ

ಅಂಥ ಚಾಕು ಕೊಳ್ಳಲು ಸಿಗಬಹುದೆಂದು ಮತ್ತೆ ಸಿಂಧನೂರಿಗೆ ಹೋದೆ. ರೈಸ್ ಮಿಲ್ಲಿನ ಸಾಮಾನು, ಕಬ್ಬಿಣದ ಸಾಮಾನು ಮಾರುವ ದೊಡ್ಡ ಅಂಗಡಿ. ಯಜಮಾನರು ಆಂಧ್ರದಿಂದ ಬಂದು, ಅಲ್ಲಿನ ರೈತರ ಕ್ಯಾಂಪಿನಲ್ಲಿ ನೆಲೆಸಿದ ತೆಲುಗರು. ನಾನು ಹತ್ತು ದಿನದಿಂದ ಗಡ್ಡ ಮಾಡಿಕೊಂಡಿರಲಿಲ್ಲ. ನಿದ್ದೆಯೂ ಸರಿಯಾಗಿರಲಿಲ್ಲ.

"ಏಮಂಡಿ, ಏನ್ ಕೊಡಲಿ?"

"ಒಂದು ಚಾಕು ಬೇಕಿತ್ತು."

"ತರಕಾರಿಗಾ?"

"ಅಲ್ಲ. ತನ್ನ ಕಡೆಗೆ ಎಳಕೊಳ್ಳೋ ಚಾಕು." ತಿಳಿಯಲಿ ಎಂದು ಮುಷ್ಟಿ ಬಿಗಿದು ಎದೆಯ ಕಡೆಗೆ ಎರಡು ಸಲ ಎಳೆದು ತೋರಿಸಿದೆ.

ಅವರು ನನ್ನ ಮುಷ್ಟಿ ನೋಡಿದರು, ಗಡ್ಡ ನೋಡಿದರು. "ಮನೆಯಲ್ಲಿ ಎಲ್ಲಾ ಬಾಗುಂದಾ ಸಾರ್?"

"ಎಲ್ಲಿ ಚೆನ್ನಾಗಿರತೈತಿ? ಎರಡು ತಿಂಗಳಾತು ಅಕ್ಕ ಉಣ್ಣಂಗಿಲ್ಲ. ಅದಕ್ಕಾಗೇ ಈ ಚಾಕು."

ಅವರು ಗಲ್ಲೆ ಬಿಟ್ಟು ಎದ್ದು ಬಂದು ನನಗೊಂದು ಕುರ್ಚಿ ಹಾಕಿದರು. ಚಹಾ ತರಿಸಿದರು. ಎದುರಿಗೆ ತಾವೂ ಕುಳಿತು ಮೆಲ್ಲಗೆ ಮಾತಾಡತೊಡಗಿದರು. ಹೆಂಡತಿ ತೀರಿಕೊಂಡ ವರ್ಷ ತಾವೂ ಹೀಗೇ, ಇದೇ ಅಂಗಡಿಯಲ್ಲಿ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಒಂದೊಂದೇ ಚಾಕು ತೆಗೆದು ನೋಡುತ್ತ ಕೂಡುತ್ತಿದ್ದರಂತೆ. ಆ ದಿನಗಳು ಹೋಗುತ್ತವೆ, ತಾವಾಗಿಯೇ ಹೋಗುತ್ತವೆ, ಸ್ವಲ್ಪ ತಡೆದುಕೊಳ್ಳಬೇಕು ಎಂದರು. ಚಾಕು ಯಾತಕ್ಕೆಂದು ಅವರು ತಿಳಿದುಕೊಂಡಿದ್ದಾರೆಂಬುದು ಆಗ ನನಗೆ ಅರ್ಥವಾಯಿತು.

"ಇಲ್ರೀ, ನಾ ಚಮಚ ಮಾಡಬೇಕಂತ..." ಎಂದೆ.

"ಅವುನು, ಹೌದು. ಚಮಚಾನೇ," ಎಂದರು, ಹಟ ಮಾಡುವ ಮಗುವಿಗೆ ಹೇಳುವ ದನಿಯಲ್ಲಿ.

ಕೊಳ್ಳಲು ಒಂದು ಮೊಳೆಯನ್ನೂ ಕೊಡಲಿಲ್ಲ. ಅಂಗಡಿಯ ಬಾಗಿಲು ಎಳೆದು, ಬಸ್ ಸ್ಟ್ಯಾಂಡಿಗೆ ತಾವೇ ಬಂದು ನನ್ನನ್ನು ಹತ್ತಿಸಿ, ಕಂಡಕ್ಟರನ ಕಿವಿಯಲ್ಲಿ ಏನೋ ಹೇಳಿದರು. ಕಂಡಕ್ಟರ ನನ್ನನ್ನು ಬಾಗಿಲಿನಿಂದ ದೂರ ಕೂಡಿಸಿದ. ಮಸ್ಕಿಯಲ್ಲಿ ಇಳಿಯುವಾಗ, ಯಾವಾಗಲೂ "ಜಲ್ದಿ ಇಳೀರಿ" ಎಂದು ಕೂಗುವ ಮನುಷ್ಯ ನನ್ನ ತೋಳು ಹಿಡಿದು, "ನಾಳೆನೂ ಇದೇ ಬಸ್ಸಿಗೆ ಬರ್ರಿ ಅಣ್ಣಾರ, ಸೀಟ್ ಹಿಡದಿರ್ತೀನಿ," ಎಂದ.

ಮುಂದೆ ಆ ಅಂಗಡಿಯಲ್ಲಿ ಎಷ್ಟೋ ಸಾಮಾನು ಕೊಂಡೆ. ಬೀಗ, ಬಕೆಟ್ಟು, ಚಿಲಕ, ಯಾವುದಕ್ಕೂ ತಕರಾರಿಲ್ಲ. ಒಮ್ಮೆ ಮಾತ್ರ ಬಾವಿಗೆ ಹಗ್ಗ ಬೇಕೆಂದು ಕೇಳಿದೆ. ಅವರು ಮತ್ತೆ ಕುರ್ಚಿ ಹಾಕಿ ಚಹಾ ತರಿಸಿದರು.

ಕುಲುಮೆಯ ಮರ್ಯಾದೆ

ಕೊಳ್ಳಲು ಸಿಗದಿದ್ದರೆ ಮಾಡಿಸಬೇಕು. ಲಿಂಗಸುಗೂರಿನಲ್ಲಿ, ಗುರುಗುಂಟಾಕ್ಕೆ ಹೋಗುವ ರಸ್ತೆಯ ಬದಿಗೆ, ಒಂದು ಕುಲುಮೆ ಇತ್ತು. ಕಮ್ಮಾರ ನನ್ನ ವಯಸ್ಸಿನವನು. ಮೂಲೆಯ ಹೊರಸಿನ ಮೇಲೆ ಅವನ ತಂದೆ ಕುಳಿತಿರುತ್ತಿದ್ದ. ಮುದುಕನಿಗೆ ಕಣ್ಣು ಹೋಗಿದ್ದವು, ಸುತ್ತಿಗೆ ಹಿಡಿಯದೆ ಆರು ವರ್ಷವಾಗಿತ್ತು. ನಾನು ಚಿತ್ರ ತೋರಿಸಿದೆ. ಮಗ ಬಹಳ ಹೊತ್ತು ನೋಡಿ, "ಕಬ್ಬಿಣ ಉಜ್ಜೋ ಹಳೇ ಅರದಾಗ ಮಾಡಿಕೊಡ್ತೀನ್ರಿ. ವಾರ ಬಿಟ್ಟು ಬರ್ರಿ," ಎಂದ.

ವಾರ ಬಿಟ್ಟು ಹೋದೆ. ಅವನು ಅರಿವೆಯಲ್ಲಿ ಸುತ್ತಿದ ಚಾಕುವನ್ನು ತಂದು ಕೈಗಿಟ್ಟು ನೆಲ ನೋಡುತ್ತ ನಿಂತ. ಬಿಚ್ಚಿದೆ. ಅಂಥ ನೆಟ್ಟಗಿನ ಚಾಕುವನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ.

ಅವನು ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದ. "ನಾ ಸೊಟ್ಟಗೇ ಮಾಡಿದ್ನಿರಿ, ನೀವು ಚಿತ್ರ ತೋರಿಸಿದಂಗ. ಹಲಗಿ ಮ್ಯಾಲಿಟ್ಟು ಚಹಾ ಕುಡಿಯಾಕ ಹೋಗಿದ್ದೆ. ನಮ್ಮಪ್ಪ ತಂಬಾಕ ಹುಡುಕಾಕ ಹೋಗಿ ಅದನ್ನ ಮುಟ್ಟಿ ನೋಡ್ಯಾನ. ಮಗನ ಕೈ ಕೆಟ್ಟೈತಿ, ನಾಳೆ ಗಿರಾಕಿ ಬಂದು ನೋಡಿದ್ರ ಮನೆತನದ ಮರ್ಯಾದಿ ಹೋಗತೈತಿ ಅಂದ್ಕೊಂಡಾನ. ತಾನ ತಿದಿ ಒತ್ತಿ, ಕಾಸಿ, ಕೈಲೆ ಸವರಿ ಸವರಿ ನೋಡಿ ಬಡದು ನೆಟ್ಟಗ ಮಾಡ್ಯಾನ್ರಿ. ನಾ ಬರೂದ್ರಾಗ ಬೆವತು ಕುಂತಿದ್ದ. 'ಯಾರಿಗೂ ಹೇಳಂಗಿಲ್ಲ ತಗೋ ಮಗನ' ಅಂದ."

"ನೀ ಏನಂದಿ?"

"ಏನನ್ಲಿ? ತಪ್ಪಾತಪ್ಪಾ ಅಂದ್ನಿ."

ನಾವು ಒಳಗೆ ಬಂದೆವು. ಹೊರಸಿನಿಂದ ಮುದುಕ ಕೇಳಿದ: "ಹೆಂಗೈತ್ರಿ ಸಾಹೇಬ್ರ ಚಾಕು?"

"ಚಲೋ ಐತಿ ಅಜ್ಜಾ. ಒಂದು ಕೂದಲಿನಷ್ಟೂ ಆ ಕಡೆ ಈ ಕಡೆ ಇಲ್ಲ."

"ನನ್ನ ಮಗಂದು ಕೈ ಅಂಥಾದ್ದೈತ್ರಿ," ಎಂದ ಮುದುಕ. ಆಮೇಲೆ ಮಗ ನಿಂತಿದ್ದ ಕಡೆಗೆ ಮುಖ ತಿರುಗಿಸಿ ಒಂದು ಕಣ್ಣು ಮುಚ್ಚಿದ.

ಮಗ ನನ್ನನ್ನು ರಸ್ತೆಯತನಕ ಕಳಿಸಲು ಬಂದ. ಇನ್ನೊಂದು ಮಾಡಿಕೊಡುತ್ತೀಯಾ ಎಂದೆ. "ಬ್ಯಾಡ್ರಿ," ಎಂದ. "ಅಂವ ಇರೂತನಕ ನಮ್ಮ ಕುಲುಮ್ಯಾಗ ಸೊಟ್ಟ ಸಾಮಾನು ಹುಟ್ಟಂಗಿಲ್ಲ. ಈಗ ಮತ್ತ ದಿನಾ ಎದ್ದು ಹಲಗಿ ತಡಕ್ಯಾಡಾಕತ್ತಾನ. ಊಟಾನೂ ಚಲೋ ಮಾಡಾಕತ್ತಾನ್ರಿ."

ಒದೆಯುವ ಎತ್ತು, ಒದೆಯದ ಕಟ್ಟಿಗೆ

ಕಡೆಗೆ ಚಾಕು ಸಿಕ್ಕಿದ್ದು ನಮ್ಮ ಮಸ್ಕಿಯ ಸಂತೆಯಲ್ಲಿ, ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ. ಅಲ್ಲಿ ಒಬ್ಬ ಸಾಬರು ಎತ್ತುಗಳಿಗೆ ನಾಲ ಕಟ್ಟುತ್ತಿದ್ದರು. ಎತ್ತನ್ನು ಹಗ್ಗ ಹಾಕಿ ಕೆಡವಿ, ನಾಲ ಬಡಿಯುವ ಮೊದಲು ಗೊರಸನ್ನು ಕೆತ್ತಿ ಸಮ ಮಾಡುತ್ತಾರಲ್ಲ, ಆ ಚಾಕುವಿನ ತುದಿ ನನ್ನ ಪುಸ್ತಕದ ಚಿತ್ರದಂತೆಯೇ ಬಾಗಿತ್ತು. ಅವರು ಅದನ್ನು ತಮ್ಮ ಕಡೆಗೇ ಎಳೆದುಕೊಳ್ಳುತ್ತಿದ್ದರು. ಗೊರಸಿನ ಚೂರುಗಳು ಸುರುಳಿ ಸುರುಳಿಯಾಗಿ ಬೀಳುತ್ತಿದ್ದವು.

ಎರಡು ಸಂತೆ ಸುಮ್ಮನೆ ನಿಂತು ನೋಡಿದೆ. ಮೂರನೆಯ ಸಂತೆಗೆ ಅವರೇ ಕೇಳಿದರು. "ಸಾಹೇಬ್ರ, ಬರ್ತೀರಿ, ನೋಡ್ತೀರಿ, ಹೋಗ್ತೀರಿ. ನಿಮ್ಮ ಎತ್ತಿಗೇನಾಗೈತಿ?"

ನನ್ನ ಮನಸ್ಸು ಎಲ್ಲೋ ಇತ್ತು. "ಎತ್ತಲ್ರಿ, ನಮ್ಮಕ್ಕಗ. ಬಲಗಾಲು ನೆಲಕ್ಕ ಊರಾಕ ಬರಂಗಿಲ್ಲ," ಎಂದೆ.

ಹಗ್ಗ ಹಿಡಿದವರು ಹಗ್ಗ ಹಿಡಿದಲ್ಲೇ ನಿಂತರು. ಸಾಬರು ಬಹಳ ಗಂಭೀರವಾಗಿ ಹೇಳಿದರು: "ಆ ಕೆಲಸ ನನಗ ಬರಂಗಿಲ್ರಿ."

ಆಮೇಲೆ ಎಲ್ಲ ವಿವರಿಸಿದೆ. ಅವರು ಎತ್ತನ್ನು ಬಿಡಿಸಿ ಎಬ್ಬಿಸಿದ ಮೇಲೆ ತಮ್ಮ ಗೋಣಿಚೀಲ ತಡಕಾಡಿ ಒಂದು ಹಳೆಯ ಚಾಕು ತೆಗೆದರು. ತಮ್ಮ ಉಸ್ತಾದರದ್ದು, ಸವೆದು ತೆಳ್ಳಗಾಗಿದೆ, ಗೊರಸಿಗೆ ಸಾಲದು, ಕಟ್ಟಿಗೆಗೆ ಆದೀತು ಎಂದರು. ಕೊಡುವ ಮೊದಲು ಹಿಡಿಯಿಂದ ಒಮ್ಮೆ ಹಿಡಿದು, ಮತ್ತೆ ನನ್ನ ಗುಮಾಸ್ತನ ಬೆರಳುಗಳನ್ನು ನೋಡಿ ಸ್ವಲ್ಪ ತಡೆದರು.

"ಇದನ್ನ ಹಿಡಿಯೋದು ಹೆಂಗಂತ ಯಾರ ಹೇಳಿಕೊಡ್ತಾರ ನಿಮಗ?"

"ನಿಮಗ ಯಾರ ಹೇಳಿಕೊಟ್ರು?"

"ಎತ್ತು. ಒಂದೀಟು ಹೆಚ್ಚು ಕೆತ್ತಿದ್ರ ಒದೀತೈತಿ. ಕಟ್ಟಿಗಿ ಒದ್ಯಂಗಿಲ್ರಿ. ಅದಕ್ಕ ಭಾಳ ಹುಷಾರಿರ್ರಿ."

ಮನೆಗೆ ತಂದು ಚಾಕುವನ್ನು ಎರಡು ಸಲ ಕುದಿಸಿದೆ. ಅಕ್ಕ ನೋಡುತ್ತಿದ್ದಳು. ಎತ್ತಿನ ಗೊರಸು ಕೆತ್ತಿದ್ದೆಂದು ಮುಚ್ಚಿಡಲು ಆಗಲಿಲ್ಲ, ಹೇಳಿಬಿಟ್ಟೆ.

"ಇರಲಿ ತಗೋ," ಎಂದಳು. "ಹೊಲದಾಗ ಎತ್ತು ಎಷ್ಟು ದುಡದಾವೋ ಈ ಮನ್ಯಾಗ ನಾನೂ ಅಷ್ಟೇ ದುಡದೀನಿ. ನನಗ ನಾಲ ಒಂದು ಕಟ್ಟಿಲ್ಲ, ಅಷ್ಟೇ."

ಮೊಣಕೈ ಎಲ್ಲಿರಬೇಕು

ಮೊದಲನೆಯ ದಿನವೇ ಎಡಗೈಯ ತೋರುಬೆರಳು ಕೊಯ್ದುಕೊಂಡೆ. ಕಂಪೌಂಡರ್ ಮೂರು ಹೊಲಿಗೆ ಹಾಕುತ್ತ, "ಏನ್ರಿ, ನಿಮ್ಮ ಆಫೀಸಿನ ಪೆನ್ನಿಗೂ ಹಲ್ಲು ಬಂದಾವೇನು?" ಎಂದ.

ಮರುದಿನ ಪಟ್ಟಿ ಕಟ್ಟಿದ ಬೆರಳನ್ನು ನೋಡಿ, ನನ್ನ ಪಕ್ಕದ ಮೇಜಿನ ಗುಮಾಸ್ತ ಚಾಕು ಎಂಥದ್ದೆಂದು ಕೇಳಿದ. ಅವನು ಜವಳಗೇರಾದವನು, ನನಗಿಂತ ಚಿಕ್ಕವನು. ಚಿತ್ರ ಬರೆದು ತೋರಿಸಿದೆ. ಅವನು ಅದನ್ನು ತನ್ನ ಕಡೆಗೆ ತಿರುಗಿಸಿಕೊಂಡು ನೋಡಿದ. ಆಮೇಲೆ ಹೇಳಿದ.

"ನಮ್ಮಪ್ಪಂದು ರಂಪಿ ಇತ್ತು ಸರ್, ಚಕ್ಕಳ ಕೊಯ್ಯೋದು. ಅದೂ ಹಿಂಗ ಮೈಕಡೆ ಎಳಿಯೋದ. ನಲವತ್ತು ವರ್ಷ ಚಪ್ಪಲಿ ಹೊಲದ. ಒಂದು ದಿನಾನೂ ಕೈ ಕೊಯ್ಕೊಂಡಿಲ್ಲ."

ಅವನು ಮೇಜಿನ ಮೇಲಿನ ಕಟ್ಟಿಗೆಯ ರೂಲು ತೆಗೆದುಕೊಂಡ. ಮೊಣಕೈಯನ್ನು ಪಕ್ಕೆಲುಬಿಗೆ ಒತ್ತಿ ಇಟ್ಟುಕೊಂಡು ಎಳೆದು ತೋರಿಸಿದ. "ಮೊಣಕೈ ಇಲ್ಲಿಂದ ಅಲಗಾಡಬಾರದು. ಆಗ ಕೈ ಇಷ್ಟ ಬರತೈತಿ, ಎದಿಗೆ ಮುಟ್ಟಂಗಿಲ್ಲ. ತೋಳಿನ ಜೋರು ಹಾಕಬ್ಯಾಡ್ರಿ, ಮಣಿಕಟ್ಟಿಂದಷ್ಟ ಹಾಕ್ರಿ. ಚಾಕು ಬರೋ ದಾರ್ಯಾಗ ಬೆರಳಿಡಬ್ಯಾಡ್ರಿ. ಹೆಬ್ಬೆರಳು ಆನಿಸಬೇಕಾದ್ರ ಅದಕ್ಕ ಚಕ್ಕಳದ ಟೊಪ್ಪಿಗಿ ಹಾಕ್ರಿ. ಭಾಳ ಎಳೀಬ್ಯಾಡ್ರಿ, ಕಾಗದದಷ್ಟು ತೆಳ್ಳಗ ಬಂದ್ರ ಸಾಕು."

ಪುಸ್ತಕದಲ್ಲಿ ಹರಿದುಹೋಗಿದ್ದ ಪುಟಗಳೆಲ್ಲ ಪಕ್ಕದ ಮೇಜಿನಲ್ಲಿ ಇದ್ದವು. ನಾವಿಬ್ಬರೂ ಮೊಣಕೈ ಪಕ್ಕೆಗೆ ಒತ್ತಿಕೊಂಡು ಎದೆಯ ಕಡೆಗೆ ರೂಲು ಎಳೆಯುತ್ತಿದ್ದಾಗ ಇಂಜಿನಿಯರ್ ಸಾಹೇಬರು ಒಳಗೆ ಬಂದರು. "ಏನಿದು?" ಎಂದರು. "ಬೆನ್ನುನೋವಿಗೆ ಸರ್," ಎಂದ ಅವನು. ಅವರೂ ನಿಂತಲ್ಲೇ ಎರಡು ಸಲ ಎಳೆದು ನೋಡಿ, ಆರಾಮ ಅನಿಸುತ್ತದೆ ಎಂದು ಹೋದರು.

"ಆ ರಂಪಿ ಈಗ ಎಲ್ಲೈತಿ?" ಎಂದು ಕೇಳಿದೆ.

"ನನಗ ನೌಕರಿ ಆರ್ಡರ್ ಬಂದ ದಿನ ಅಪ್ಪ ಅದನ್ನ ಕಾಲುವಿಗೆ ಒಗದ ಸರ್. ಇನ್ನ ನಮ್ಮ ಮನ್ಯಾಗ ಪೆನ್ನಷ್ಟ ಇರಬೇಕು ಅಂದ." ಅವನು ರೂಲನ್ನು ಇದ್ದಲ್ಲೇ ಇಟ್ಟ. "ಆದ್ರ ಪ್ರತಿ ವರ್ಷ ಕಾಲುವಿ ನೀರು ಬಂದ್ ಆದಾಗ ಇಳದು ಹೋಗಿ ಹುಡುಕ್ತಾನ. ಯಾಕಪ್ಪಾ, ಬೇಕಾಗೈತೇನು ಅಂದ್ರ, 'ಏಯ್, ಬ್ಯಾಡಲೇ. ಒಗದಿದ್ದು ಖರೇ ಹೌದಿಲ್ಲೋ ನೋಡಾಕ' ಅಂತಾನ."

ಎಂಟು ದಿನದ ಮೇಲೆ ಅವನು ನನ್ನ ಮೇಜಿನ ಮೇಲೆ ಒಂದು ಸಣ್ಣ ಪೊಟ್ಟಣ ಇಟ್ಟ. ಒಳಗೆ ಬಲಗೈಯ ಹೆಬ್ಬೆರಳಿಗೆ ಹಾಕುವ ಚಕ್ಕಳದ ಟೊಪ್ಪಿಗೆ, ಅಂಥ ಸಣ್ಣ ಹೊಲಿಗೆಯನ್ನು ನಾನು ಮತ್ತೆ ನೋಡಿಲ್ಲ. "ಅಪ್ಪ ಕೊಟ್ಟಾನ ಸರ್. ಇದು ಚಪ್ಪಲಿ ಅಲ್ಲ, ಟೊಪ್ಪಿಗಿ, ಅದಕ್ಕ ಹೊಲದೀನಿ ಅಂತ ಹೇಳಂದಾನ."

ಎರಡು ಕಟ್ಟಿಗೆ

ಮೊದಲ ಚಮಚವನ್ನು ಹಿತ್ತಲಿನ ಬೇವಿನ ಟೊಂಗೆಯಲ್ಲಿ ಮಾಡಿದೆ. ಹಸಿ ಕಟ್ಟಿಗೆ, ಕೆತ್ತಲು ಸುಲಭ. ಅಕ್ಕ ಒಂದು ಸಲ ಬಾಯಿಗಿಟ್ಟು ಮುಖ ಕಿವುಚಿದಳು. "ಡಾಕ್ಟರಿಗೆ ಹೇಳು, ಇನ್ನ ಗುಳಿಗಿ ಬ್ಯಾಡಂತ."

ಆಮೇಲೆ ಅಡಿಗೆಮನೆಯ ಮೂಲೆ ತೋರಿಸಿದಳು. ಅಲ್ಲಿ ಅವಳು ದಿನಾಲು ರೊಟ್ಟಿಯ ಹಿಟ್ಟು ನಾದುತ್ತಿದ್ದ ಕಟ್ಟಿಗೆಯ ಮರಿಗೆ ಒರಗಿತ್ತು. ಎಷ್ಟು ವರ್ಷ ನಾದಿದ್ದಳೋ, ಒಳಮೈ ಕನ್ನಡಿಯಂತಾಗಿತ್ತು. "ಅದರ ಅಂಚಿನ ದಂಡಿ ದಪ್ಪ ಐತಿ. ಅದನ್ನ ಒಡದು ಮಾಡು."

"ಬ್ಯಾಡಕ್ಕಾ. ಆರಾಮ ಆದಮ್ಯಾಲೆ ಬೇಕಾಗತೈತಿ."

"ರೊಟ್ಟಿ ಬಡಿಯಾಕ ಎರಡು ಕೈ ಬೇಕಲೇ. ಒಡಿ."

ಅವಳ ಕಣ್ಣೆದುರು ಕೊಡಲಿ ಎತ್ತಲು ಆಗಲಿಲ್ಲ. ಮರಿಗೆಯನ್ನು ಹೊತ್ತುಕೊಂಡು ಹಿತ್ತಲಿನ ಆಚೆ, ಹೊಲದ ಬದುವಿನತನಕ ಹೋದೆ. ಸದ್ದಾಗದಿರಲೆಂದು ಮರಿಗೆಯ ಕೆಳಗೆ ಗೋಣಿತಟ್ಟು ಹಾಸಿದೆ. ಮೊದಲನೆಯ ಏಟು ಹಾಕಿದೆ. ಮನೆಯೊಳಗಿಂದ ಅವಳ ದನಿ ಬಂತು:

"ಅಷ್ಟು ದೂರ ಹೋಗಿ ಯಾಕ ಒಡ್ಯಾಕತ್ತೀಯೋ? ನನಗ ಕೈ ಹೋಗೈತಿ, ಕಿವಿ ಹೋಗಿಲ್ಲ!"

ಕೊನೆಯ ಎಳೆ

ಮರಿಗೆಯ ಕಟ್ಟಿಗೆ ಗಟ್ಟಿ. ಲಿಂಗಸುಗೂರಿನ ನೆಟ್ಟಗಿನ ಚಾಕುವಿನಿಂದ ಹೊರಮೈ ಮಾಡಿದೆ, ಸಾಬರ ಸೊಟ್ಟ ಚಾಕುವಿನಿಂದ ಒಳಗೆ ತೋಡಿದೆ. ಮೊಣಕೈ ಪಕ್ಕೆಗೆ, ಟೊಪ್ಪಿಗೆ ಹೆಬ್ಬೆರಳಿಗೆ. ಎರಡು ವಾರ ಹಿಡಿಯಿತು. ಚಮಚದ ತಲೆಯನ್ನು ಒಂದು ಕಡೆಗೆ ತಿರುವಿದ್ದೆ. ಎಡಗೈಯಿಂದ ಎತ್ತಿದರೆ ಅದು ಅಕ್ಕನ ಬಾಯಿ ಈಗ ಎಲ್ಲಿದೆಯೋ ಅಲ್ಲಿಗೇ ಹೋಗಬೇಕು. ಅವಳು ಮಲಗಿದ್ದಾಗ ಎಷ್ಟೋ ಸಲ ಅವಳ ಮುಖ ನೋಡಿ ಅಳತೆ ಹಿಡಿದಿದ್ದೆ.

ಒಂದು ಸಂಜೆ ಅದು ಮುಗಿಯಿತು. ಮುಗಿಯಿತೆಂದು ಟೊಪ್ಪಿಗೆ ತೆಗೆದು, ಬರಿಯ ಬೆರಳಿನಿಂದ ಸವರಿ ನೋಡಿದೆ. ಒಂದು ಕಡೆ ಸ್ವಲ್ಪ ಉಬ್ಬು ಇದ್ದ ಹಾಗೆ ಅನಿಸಿತು. ಇನ್ನೊಂದೇ ಎಳೆ ಎಂದುಕೊಂಡೆ. ಚಾಕು ಬಲಗೈಯ ಹೆಬ್ಬೆರಳನ್ನು ಎಲುಬಿನತನಕ ಕೊಯ್ದಿತು.

ಕಂಪೌಂಡರ್ ಹೊಲಿಗೆ ಹಾಕಿ, ಇಡೀ ಅಂಗೈಗೆ ಬದನೆಕಾಯಿಯಷ್ಟು ದಪ್ಪನೆಯ ಪಟ್ಟಿ ಕಟ್ಟಿದ. ಬಸ್ ಸ್ಟ್ಯಾಂಡಿನ ಮುಂದೆ ಹಾದು ಬರುವಾಗ ಬಜಿಯಾಕೆ ಕೂಗಿ ಕರೆದಳು. "ಯಪ್ಪಾ, ನಿಮ್ಮ ಇಂಗ್ಲಿಷ್ ಕಾಗದ ಸಿಕ್ಕೈತಿ ನೋಡ್ರಿ." ಒಂದೇ ಹಾಳೆ, ಅರ್ಧ ಎಣ್ಣೆಯಲ್ಲಿ ನೆನೆದಿತ್ತು. ಎಡಗೈಯಲ್ಲಿ ಹಿಡಿದು, ಅವಳ ದೀಪದ ಹತ್ತಿರ ಓದಿದೆ. ಈ ಚಾಕುವಿನಿಂದ ಆಗುವ ಗಾಯಗಳು ಹೆಚ್ಚಾಗಿ ಕೆಲಸ ಮುಗಿದ ಮೇಲೆ ಆಗುತ್ತವೆ, ಇನ್ನೊಂದೇ ಎಳೆ ಎಂದು ಮನಸ್ಸಿಗೆ ಬಂದಾಗ ಚಾಕುವನ್ನು ಕೆಳಗಿಟ್ಟು ನೀರು ಕುಡಿಯಬೇಕು ಎಂದು ಅದರಲ್ಲಿತ್ತು.

"ಬೇಕಾಗಿದ್ದು ಅದ ಹೌದ್ರಿ?" ಎಂದಳು.

"ಅದ ಹೌದವ್ವಾ," ಎಂದೆ.

ಅಕ್ಕ ಆ ಚಮಚದಲ್ಲಿ ಉಂಡದ್ದು ಹದಿನಾಲ್ಕು ತಿಂಗಳು. ಅಲ್ಲಿಂದೀಚೆಗೆ ಅದು ನನ್ನ ಪುಸ್ತಕಗಳ ನಡುವೆ ಇದೆ. ಆ ತಿಂಗಳುಗಳ ಬಗ್ಗೆ ನಾನು ಬರೆಯಲಾರೆ. ಮೊದಲನೆಯ ದಿನದ್ದನ್ನು ಮಾತ್ರ ಬರೆಯುತ್ತೇನೆ, ಯಾಕೆಂದರೆ ಆ ದಿನ ಅಕ್ಕ ನಕ್ಕಳು.

ಜೋಳದ ನುಚ್ಚು, ಮಜ್ಜಿಗೆ ಕಲಸಿದ್ದು. ನಾನು ತಟ್ಟೆಯನ್ನು ಅವಳ ಮುಂದಿಟ್ಟು, ಚಮಚವನ್ನು ಎಡಗೈಗೆ ಕೊಟ್ಟು, ಬೇರೆ ಕಡೆ ನೋಡುತ್ತ ಕುಳಿತೆ. ಒಮ್ಮೆ ಬಿತ್ತು, ಸದ್ದಾಗಲಿಲ್ಲ. ಅವಳೇ ಎತ್ತಿಕೊಂಡಳು. ಅರ್ಧ ತಾಸು ಹಿಡಿಯಿತು. ಚೆಲ್ಲಿದ್ದು ಸೆರಗಿನ ಮೇಲಿತ್ತು, ಆದರೆ ತಟ್ಟೆ ಖಾಲಿಯಾಗಿತ್ತು.

ಆಮೇಲೆ ನನ್ನ ಕೈಯ ಪಟ್ಟಿ ನೋಡಿದಳು. "ನೀ ಯಾಕ ಉಂಡಿಲ್ಲ?"

"ಆಮ್ಯಾಲೆ ಉಣ್ತೀನಿ."

"ಹೆಂಗ ಉಣ್ತಿ? ಎಡಗೈಲೆ?"

ಪಟ್ಟಿ ಕಟ್ಟಿದ ಕೈಯನ್ನು ಹಿಂದಕ್ಕೆ ಸರಿಸಿದೆ. ಇಷ್ಟು ತಿಂಗಳು ಅವಳಿಗೆ ಎಡಗೈಯಿಂದ ಉಣ್ಣು ಎಂದು ಹೇಳುತ್ತಿದ್ದವನು ನಾನೇ.

"ಇನ್ನೀಟು ಕಲಸ್ಕೊಂಡು ಬಾ," ಎಂದಳು. ತಂದೆ. "ಮುಂದ ಕುಂದ್ರು. ಬಾಯಿ ತೆರಿ."

"ಬ್ಯಾಡಕ್ಕಾ. ನಲವತ್ತೈದು ವರ್ಷದವ ನಾನು."

"ಐದು ವರ್ಷದವನಿದ್ದಾಗೂ ಹಿಂಗ ಹಟ ಮಾಡತಿದ್ದಿ. ತೆರಿ."

ಬಾಯಿ ತೆರೆದೆ. ಅವಳು ಎಡಗೈಯಿಂದ ಚಮಚ ತುಂಬಿ ಎತ್ತಿದಳು. ಮೊದಲನೆಯ ತುತ್ತು ನನ್ನ ಕೆನ್ನೆಗೆ ಹೋಯಿತು. ಎರಡನೆಯದು ಕಿವಿಗೆ. ಮೂರನೆಯದು ಕಿವಿಯ ಹಿಂದಿನಿಂದ ಅಂಗಿಯ ಕಾಲರಿನೊಳಗೆ ಇಳಿಯಿತು. ತಣ್ಣನೆಯ ಮಜ್ಜಿಗೆ ಬೆನ್ನಿನಲ್ಲಿ ಹರಿಯುತ್ತಿತ್ತು.

"ಅಕ್ಕಾ," ಎಂದೆ, "ಚಮಚ ಒಂದೀಟು ಸೊಟ್ಟ ಆಗೈತಿ. ಗಾಯ ಮಾದ ಮ್ಯಾಲೆ ನೆಟ್ಟಗ ಮಾಡ್ತೀನಿ."

ಅವಳು ಚಮಚವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಆಮೇಲೆ ನುಚ್ಚು ಮೆತ್ತಿದ ನನ್ನ ಮುಖವನ್ನು ನೋಡಿದಳು. ಲಕ್ವ ಹೊಡೆದ ಮೇಲೆ ಮೊದಲ ಸಲ ಅವಳ ಮುಖದ ಎಡಭಾಗ ನಕ್ಕಿತು.

"ಚಮಚಕ್ಕ ಕೈ ಹಚ್ಚೀ ನೋಡು ಮತ್ತ," ಎಂದಳು. "ಅದು ಬರೋಬರಿ ಐತಿ. ನಿನ್ನ ಬಾಯೇ ನೆಟ್ಟಗ ಐತಿ."